ಒಂದಿಂಚು ಹೆಚ್ಚಾದ ಕದ

ಕೋಟೆ ಬೀದಿ, ಶಿವಮೊಗ್ಗ
ಗುರುವಾರ, ೭-೩-೧೯೬೩

ಭದ್ರಾವತಿಯಲ್ಲಿರುವ ನನ್ನ ಯಜಮಾನರಿಗೆ ವೇದಾವತಿಯ ನಮಸ್ಕಾರಗಳು.

ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ನಮಸ್ಕಾರ ಹಾಕದೆ ಕಾಗದ ಶುರು ಮಾಡಿದರೆ ಅಮ್ಮ ಬೈಯುತ್ತಾಳೆ ಎಂದು ಹಾಕಿದ್ದೇನೆ. ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವು ಅಲ್ಲಿ ಚೆನ್ನಾಗಿದ್ದೀರಿ ಎಂದು ನೀವೇ ಬರೆದಿದ್ದೀರಿ. ಅದನ್ನು ನಂಬುವುದೋ ಬಿಡುವುದೋ ಆಮೇಲೆ ನೋಡೋಣ.

ನಿಮ್ಮ ಕಾಗದ ಮಂಗಳವಾರ ಬಂತು. ಐದು ವಾರಕ್ಕೆ ಒಂದೇ ಒಂದು ಕಾಗದ, ಅದೂ ಕಾರ್ಡು. ಹೆಂಡತಿಗೆ ಬರೆಯುವ ಮಾತನ್ನು ಯಾರಾದರೂ ಕಾರ್ಡಿನಲ್ಲಿ ಬರೆಯುತ್ತಾರೆಯೇ? ಅದನ್ನು ನನಗಿಂತ ಮೊದಲು ಪೋಸ್ಟ್‌ಮ್ಯಾನ್ ಹುಲಿಯಪ್ಪ ಓದಿದ್ದಾನೆ. ಜಗಲಿ ಹತ್ತುವ ಮೊದಲೇ, “ಅಮ್ಮಾರೇ, ನಿಮ್ಮ ಅಳಿಯಂದ್ರು ಸೋಮವಾರ ಕೆಲಸ ಬಿಡ್ತಾರಂತೆ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅವನಾದ ಮೇಲೆ ತಂಗಿ ವಿಮಲಾ ಓದಿದಳು, ಆಮೇಲೆ ಅಮ್ಮ, ಆಮೇಲೆ ಅಪ್ಪ. ನನ್ನ ಕೈಗೆ ಬರುವ ಹೊತ್ತಿಗೆ ಅದು ವಾಚನಾಲಯದ ಪೇಪರಿನಷ್ಟು ಮುದುಡಿತ್ತು.

ಅದರಲ್ಲಿ ನೀವು ಬರೆದದ್ದು ಇಷ್ಟು: “ಒಂದು ಕದ ಮಾಡಲು ಬಾರದವನು ಕಾರ್ಖಾನೆಗೆ ಏನು ಮಾಡಿಕೊಟ್ಟೇನು? ನನ್ನ ಕೈಯಲ್ಲೇ ಅಳತೆ ಇಲ್ಲ. ಅಪ್ರೆಂಟಿಸ್ ಸಾಕು. ಹನ್ನೊಂದನೇ ತಾರೀಖು ಸೋಮವಾರ ರಾಜೀನಾಮೆ ಕೊಟ್ಟು, ನಿಮ್ಮ ತಂದೆಯವರು ಗೊತ್ತು ಮಾಡಿದ ಅಂಗಡಿ ಕೆಲಸಕ್ಕೆ ಬರುತ್ತೇನೆ. ದಿನಾ ಎರಡು ಹೊತ್ತು ಅನ್ನ ಸಾರು ಮಾಡಿಕೊಂಡು ಸುಖವಾಗಿದ್ದೇನೆ.”

ಈ ಕಾಗದ ಬರೆಯುತ್ತಿರುವುದು ಆ ಸೋಮವಾರವನ್ನು ತಡೆಯುವುದಕ್ಕೆ. ಅಂಚೆಯನ್ನು ನಂಬದೆ, ಭದ್ರಾವತಿಯ ನಮ್ಮ ಪಕ್ಕದ ಮನೆಯ ಸರ್ವರ್ ಬೀ, ನಿಮ್ಮ ಮೇಸ್ತ್ರಿಯ ಹೆಂಡತಿ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವರು ಬಾಣಂತಿ ತಂಗಿಯನ್ನು ನೋಡಲು ಮೊನ್ನೆ ಇಲ್ಲಿಗೆ ಬಂದಿದ್ದವರು, ನಾಳೆ ಬೆಳಗಿನ ರೈಲಿಗೆ ಹೊರಡುತ್ತಾರೆ. ಲಕೋಟೆಗೆ ಅಂಟು ಗಟ್ಟಿಯಾಗಿ ಹಾಕಿದ್ದೇನೆ. ಪೂರ್ತಿ ಓದಿ, ಅರ್ಧಕ್ಕೆ ಎದ್ದು ಹೋಗಬೇಡಿ. ಅಂದ ಹಾಗೆ, ನಾನು ಹೊರಡುವ ಮೊದಲು ಡಬ್ಬದಲ್ಲಿ ಎಂಟು ಸೇರು ಅಕ್ಕಿ ತುಂಬಿಸಿಟ್ಟಿದ್ದೆ. ಸಾಕಾಯಿತೇ?

ರಥಸಪ್ತಮಿಯ ದಿನದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. 

ನಮ್ಮ ದೇವರಮನೆಗೆ ಹೊಸ ಕದ ಬೇಕೆಂದು ಅಪ್ಪ ಅಳತೆ ಬರೆದು ಕಳಿಸಿದ್ದರು. ಎತ್ತರ ನಾಲ್ಕಡಿ, ಅಗಲ ಎರಡಡಿ. ಹಳೆಯ ಚೌಕಟ್ಟಿಗೆ ಟೇಪು ಹಿಡಿದು ಮೂರು ಸಲ ಅಳೆದು, ನಾಲ್ಕನೆಯ ಸಲ ಅಮ್ಮನ ಕೈಲಿ ಅಳೆಸಿದ ಲೆಕ್ಕ ಅದು. ನೀವು ಸಂಕ್ರಾಂತಿ ಕಳೆದ ಮೇಲೆ ಎರಡು ವಾರ ದಿನಾ ಶಿಫ್ಟು ಮುಗಿಸಿ ಬಂದು ಹಿತ್ತಿಲಲ್ಲಿ ಕೂತು ಸಾಗುವಾನಿ ಕದ ಮಾಡಿದಿರಿ. ಸುತ್ತಲೂ ಅಂಚಿಗೆ ಕಮಲದ ಬಳ್ಳಿ ಕೆತ್ತಿದಿರಿ. ಅದನ್ನು ಗೋಣಿಯಲ್ಲಿ ಸುತ್ತಿ, ಗಾರ್ಡಿನ ಹತ್ತಿರ ಜಗಳ ಆಡಿ, ರೈಲಿನಲ್ಲಿ ತಂದೆವು. ಸ್ಟೇಷನ್ನಿನಿಂದ ಮನೆವರೆಗೆ ನೀವು ಜಟಕಾದಲ್ಲಿ ಕೂತು ಬಂದದ್ದು ಕದವನ್ನು ಮಡಿಲಲ್ಲಿಟ್ಟುಕೊಂಡು. ನನ್ನನ್ನು ಒಂದು ದಿನವೂ ಹಾಗೆ ಹಿಡಿದುಕೊಂಡವರಲ್ಲ.

ಪುರೋಹಿತರು ಬಂದಿದ್ದರು, ಬೀದಿಯ ಹೆಂಗಸರೆಲ್ಲ ಬಂದಿದ್ದರು, ಪಾಯಸ ಒಲೆಯ ಮೇಲಿತ್ತು. ಕದ ಎತ್ತಿ ಚೌಕಟ್ಟಿಗೆ ಇಟ್ಟರೆ ಮೇಲೆ ಒಂದಿಂಚು ಹೆಚ್ಚು, ಅಡ್ಡಕ್ಕೆ ಅರ್ಧ ಇಂಚು ಹೆಚ್ಚು. ತಿರುಗಿಸಿದಿರಿ, ಮೇಲೆ ಕೆಳಗೆ ಮಾಡಿದಿರಿ, ಕದ ಒಪ್ಪಲಿಲ್ಲ. ಹೆರೆದು ಸರಿ ಮಾಡೋಣವೆಂದರೆ ಅಂಚಿನ ಕಮಲವೆಲ್ಲ ಹೋಗುತ್ತದೆ. ಆಗ ನೀವು ಹೇಳಿದ ಮಾತು ನೆನಪಿದೆಯೇ? “ಕದ ಸರಿಯಾಗೇ ಇದೆ. ನಿಮ್ಮ ಗೋಡೆ ಕುಗ್ಗಿದೆ” ಎಂದಿರಿ. ಅಪ್ಪ ಸುಮ್ಮನಿರುವವರೇ? “ಅಳಿಯಂದ್ರೇ, ದೇವರು ಒಳಗೇ ಇದಾನೆ, ಬಾಗಿಲು ಹೊರಗೇ ಇದೆ. ಎರಡು ವರ್ಷ ಕಾರ್ಖಾನೇಲಿ ಕಲಿತಿದ್ದು ಇದೇನಾ?” ಎಂದರು. ಹೆಂಗಸರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಅಷ್ಟಾದರೂ ನೀವು ತಡೆದುಕೊಂಡಿದ್ದಿರಿ. ತಡೆಯಲಾಗದೆ ಹೋದದ್ದು ನನ್ನ ಮಾತು. “ಅಳತೆ ಗೊತ್ತಿಲ್ಲದಿದ್ದರೆ ಯಾಕೆ ಒಪ್ಪಿಕೊಳ್ಳಬೇಕಿತ್ತು?” ಎಂದುಬಿಟ್ಟೆ, ಅಷ್ಟು ಜನರ ಎದುರಿಗೆ. ನೀವು ನನ್ನ ಮುಖ ಒಂದು ಸಲ ನೋಡಿದಿರಿ. ಚಪ್ಪಲಿ ಮೆಟ್ಟಿಕೊಂಡು, ಹತಾರದ ಚೀಲವನ್ನೂ ಇಲ್ಲೇ ಬಿಟ್ಟು, ಪಾಯಸವನ್ನೂ ತಿನ್ನದೆ ಹೊರಟುಹೋದಿರಿ. ಹೊಸ್ತಿಲಲ್ಲಿ ನಿಂತು, “ಬರೋದಾದರೆ ಬಾ” ಎಂದು ಒಂದು ಸಲ ಕರೆದಿರಿ. ನಾನು ಬರಲಿಲ್ಲ. ಇನ್ನೊಂದು ಸಲ ಕರೆಯುತ್ತೀರೆಂದು ಕಾದೆ. ನೀವು ಕರೆಯಲಿಲ್ಲ. ಆವತ್ತಿನಿಂದ ನಾನಿಲ್ಲಿ, ನೀವಲ್ಲಿ. ಆ ಮಾತು ಆಡಬಾರದಿತ್ತು. ಆಡಿದ್ದು ತಪ್ಪು. ಇದನ್ನು ಇಷ್ಟು ಸುಲಭವಾಗಿ ಬರೆದೆ ಎಂದು ತಿಳಿಯಬೇಡಿ, ಈ ಸಾಲಿಗೆ ಬರುವುದಕ್ಕೆ ಮುಂಚೆ ಎದ್ದು ಹೋಗಿ ಎರಡು ಸಲ ನೀರು ಕುಡಿದು ಬಂದೆ.

ಕದದ ಕ್ಷೇಮ ಸಮಾಚಾರವನ್ನೂ ಕೇಳಿ. ಅದು ಪಡಸಾಲೆಯ ಗೋಡೆಗೆ ಒರಗಿ ನಿಂತಿತ್ತು. ಬಂದವರೆಲ್ಲ ಇದೇನೆಂದು ಕೇಳುವವರೇ, ಅಪ್ಪ ಮೊದಲಿಂದ ಕಥೆ ಹೇಳುವವರೇ. ಆಮೇಲೆ ಹಪ್ಪಳದ ಕಾಲ ಬಂತು. ಅಮ್ಮ ಅದನ್ನು ಹಿತ್ತಿಲಿಗೆ ಸಾಗಿಸಿ, ಎರಡು ಕಲ್ಲಿನ ಮೇಲೆ ಮಲಗಿಸಿ, ಮೇಲೆ ಹಪ್ಪಳ ಒಣಗಿಸುತ್ತಿದ್ದಾಳೆ. ಅಂಚಿನಲ್ಲಿಟ್ಟ ಹಪ್ಪಳಕ್ಕೆಲ್ಲ ನಿಮ್ಮ ಕಮಲದ ಅಚ್ಚು ಬಿದ್ದಿದೆ. ಎದುರು ಮನೆಯ ನಂಜಮ್ಮ ಅದನ್ನು ನೋಡಿ, “ನಮ್ಮದಕ್ಕೂ ಹೂವು ಬೀಳಿಸಿಕೊಡಿ” ಎಂದು ಎರಡು ಸೇರು ಉದ್ದಿನ ಹಿಟ್ಟು ಕಳಿಸಿದ್ದಾಳೆ. ದೇವರಿಗೆ ದಕ್ಕದ ಕದ ಬೀದಿಯ ಹಪ್ಪಳಕ್ಕೆ ದಕ್ಕಿದೆ.

ಇನ್ನು ಅಪ್ಪ ಗೊತ್ತು ಮಾಡಿದ ಕೆಲಸ. ಗಾಂಧಿ ಬಜಾರಿನ ಏಕಾಂತಪ್ಪನವರ ಜವಳಿ ಅಂಗಡಿ. ನೀವು ಕಾರ್ಡು ಬರೆಯುವ ಮುಂಚೆ ಅಲ್ಲಿ ನಿಮ್ಮ ಕೆಲಸ ಏನೆಂದು ಕೇಳಿದ್ದೀರಾ? ಬಟ್ಟೆ ಅಳೆದು ಕೊಡುವುದು! ಅಳತೆ ಬರುವುದಿಲ್ಲವೆಂದು ತಾವೇ ಬೀದಿಯಲ್ಲೆಲ್ಲ ಸಾರಿದ ಅಳಿಯನಿಗೆ ಅಪ್ಪ ಹುಡುಕಿದ್ದು ಬೆಳಗ್ಗಿಂದ ಸಂಜೆವರೆಗೆ ಅಳೆಯುವ ಕೆಲಸ. ನಾನು ಇದನ್ನು ಹೇಳಿದಾಗ ಅಪ್ಪ ಪಂಚಾಂಗ ತೆಗೆದು ಓದತೊಡಗಿದರು. ಉತ್ತರ ಇಲ್ಲದಾಗಲೆಲ್ಲ ಅವರಿಗೆ ಪಂಚಾಂಗ ಜ್ಞಾಪಕ ಬರುತ್ತದೆ.

ಅವರಿಗೆ ಮೊದಲಿಂದಲೂ ನಿಮ್ಮ ಅಪ್ರೆಂಟಿಸು ಗಂಟಲಿಗೆ ಇಳಿದಿಲ್ಲ, ನಿಮಗೆ ಗೊತ್ತಿರುವುದೇ. ಸಂಸ್ಕೃತ ಪಾಠಶಾಲೆಯ ನರಸಿಂಹಮೂರ್ತಿಗಳ ಅಳಿಯ ಇಂಟರ್ ಪಾಸು ಮಾಡಿ, ಓದು ಬಾರದ ಪೀರ್ ಬಾಷಾ ಮೇಸ್ತ್ರಿಯ ಕೈಕೆಳಗೆ ಆರು ತಿಂಗಳು ಬರೀ ಉಳಿ ಮಸೆದನಂತೆ! ಇದನ್ನು ಅವರು ಹೇಳಿಕೊಂಡು ನಗುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅವರಿಗೆ ಕೆಲಸ ಎಂದರೆ ಮೇಜು, ಕುರ್ಚಿ, ಮಸಿ. ಕಲಿಯುವುದು ಒಂದು ಕಡೆ ಮುಗಿಯಬೇಕು, ದುಡಿಯುವುದು ಇನ್ನೊಂದು ಕಡೆ ಶುರುವಾಗಬೇಕು. ದುಡಿಯುತ್ತ ಕಲಿಯುವುದು ಅವರ ಪಾಲಿಗೆ ಊಟದ ಮಧ್ಯೆ ಎದ್ದು ಸ್ನಾನ ಮಾಡಿದ ಹಾಗೆ.

ಆದರೆ ನಾನು ನಿಮ್ಮ ಜೊತೆ ಒಂದೂವರೆ ವರ್ಷ ಸಂಸಾರ ಮಾಡಿದ್ದೇನೆ. ಸಂಜೆ ಬಂದವರೇ ಕೈಕಾಲು ತೊಳೆಯದೆ, ಕಿವಿಯ ಹಿಂದೆ ಮರದ ಹೊಟ್ಟು ಹಾಗೇ ಇರುವಾಗ, ನೀವು ನನಗೆ ಪಾಠ ಹೇಳುತ್ತಿದ್ದಿರಿ. ಎರಕ ಹೊಯ್ಯಬೇಕಾದ ಚಕ್ರಕ್ಕೆ ಮೊದಲು ಮರದಲ್ಲಿ ಮಾದರಿ ಮಾಡಬೇಕು, ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು ಆಗುತ್ತದೆ, ಅಂಚು ತುಸು ಓರೆ ಇದ್ದರೆ ಮಾತ್ರ ಮರಳು ಕೀಳದೆ ಮಾದರಿ ಮೇಲೆ ಬರುತ್ತದೆ. ನಾನು ಹೂಂ ಎನ್ನುತ್ತ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ನಿಜ ಹೇಳಲೇ? ಅರ್ಧ ಕೇಳಿಸಿಕೊಳ್ಳುತ್ತಿರಲಿಲ್ಲ. ಆದರೆ ಸಂಕ್ರಾಂತಿಗೆ ನೀವು ಮಾಡಿಕೊಟ್ಟ ಸಕ್ಕರೆ ಅಚ್ಚಿನ ಮರಗಳಲ್ಲಿ ಒಂದು ಆನೆಯ ಸೊಂಡಿಲೂ ಮುರಿಯಲಿಲ್ಲ, ಒಂದು ಗಿಣಿಯ ಕೊಕ್ಕೂ ಮುರಿಯಲಿಲ್ಲ. ನಮ್ಮ ಸಾಲಿನ ಹೆಂಗಸರೆಲ್ಲ ಎರವಲು ಒಯ್ದರು. ಆಗ ನನಗೆ ನಿಮ್ಮ ಓರೆ ಅಂಚಿನ ಪಾಠ ಅರ್ಥವಾಯಿತು. ಅಂಥ ಕೈಗೆ ಅಳತೆ ಇಲ್ಲ ಎಂದರೆ ಯಾರು ನಂಬುತ್ತಾರೆ? ನಾನೇ ನಂಬಿದ್ದೆ, ಐದು ವಾರ. ಇನ್ನು ಮುಂದೆ ಬರೆಯುವುದನ್ನು ನಿಧಾನವಾಗಿ ಓದಿ.

ಹೋದ ಶನಿವಾರ ವಿಮಲಾಳಿಗೆ ಸ್ಕೂಲಿನ ಲಂಗ ಹೊಲಿದೆ. ನಡು ಇಪ್ಪತ್ತೆರಡು ಇಂಚು ಎಂದು ದರ್ಜಿಯ ಹಳೆಯ ಚೀಟಿಯಲ್ಲಿತ್ತು. ಟೇಪು ಸಿಗಲಿಲ್ಲ. ನಿಮ್ಮ ಹತಾರದ ಚೀಲದಲ್ಲಿದ್ದ ಎರಡಡಿಯ ಮರದ ಅಡಿಪಟ್ಟಿ ಇಟ್ಟು ಅಳೆದು ಕತ್ತರಿಸಿದೆ. ಮೊದಲೇ ಕಡ್ಡಿಯಂಥ ಹುಡುಗಿ. ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ ಕೈ ಮುಗಿದು ನಿಂತರೆ ಲಂಗ ಕೆಳಗೆ ಹೊರಟಿತಂತೆ. ಮುಗಿದ ಕೈ ಬಿಟ್ಟು ಲಂಗ ಹಿಡಿದದ್ದಕ್ಕೆ ಟೀಚರು ಬೆಂಚಿನ ಮೇಲೆ ನಿಲ್ಲಿಸಿದರಂತೆ, ಅಲ್ಲಿಯೂ ಒಂದು ಕೈಯಲ್ಲಿ ಲಂಗ. ಮನೆಗೆ ಬಂದವಳು ರಂಪ ಮಾಡಿದಳು. ನಾನು ಅಳತೆ ಸರಿಯಾಗೇ ಇದೆ, ನಿನ್ನ ನಡುವೇ ಕುಗ್ಗಿದೆ ಎಂದೆ. ಬಾಯಿಂದ ಬಂದ ಮೇಲೆ ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು.

ವಿಮಲಾ ಬಿಡುವವಳಲ್ಲ. ಕಂಪಾಸ್ ಪೆಟ್ಟಿಗೆಯಿಂದ ತನ್ನ ಆರಿಂಚಿನ ಸ್ಕೇಲು ತಂದು ನಿಮ್ಮ ಪಟ್ಟಿಯ ಪಕ್ಕದಲ್ಲಿಟ್ಟು, ನಾಲ್ಕು ಸಲ ಸರಿಸಿ ಅಳೆದಳು. “ಅಕ್ಕಾ, ಭಾವನ ಎರಡಡಿಯೊಳಗೆ ನಮ್ಮ ಎರಡಡಿ ಹಾಕಿದ್ರೂ ಇನ್ನೂ ಅರ್ಧ ಇಂಚು ಮಿಗುತ್ತೆ!” ಎಂದಳು.

ಪಟ್ಟಿಯನ್ನೂ ಸ್ಕೇಲನ್ನೂ ಅವಳ ಕೈಯಿಂದ ಕಿತ್ತುಕೊಂಡೆ. ಯಾಕೆಂದು ಈಗಲೇ ಕೇಳಬೇಡಿ. ಹಿತ್ತಿಲಿಗೆ ಓಡಿ, ಹಪ್ಪಳವನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ, ಕದ ಅಳೆದೆ. ವಿಮಲಾಳ ಸ್ಕೇಲಿನಲ್ಲಿ ನಾಲ್ಕಡಿ ಒಂದಿಂಚು. ನಿಮ್ಮ ಪಟ್ಟಿಯಲ್ಲಿ ನಾಲ್ಕಕ್ಕೆ ನಾಲ್ಕು, ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಅಗಲವೂ ಹಾಗೆಯೇ, ಎರಡಕ್ಕೆ ಎರಡು. ನೀವು ಎಳ್ಳಷ್ಟೂ ತಪ್ಪು ಮಾಡಿರಲಿಲ್ಲ. ನಾನು ಅಲ್ಲೇ ಬಿಸಿಲಲ್ಲಿ ಕೂತು, ಕಮಲದ ಎಸಳಿನಲ್ಲಿ ಮೆತ್ತಿಕೊಂಡಿದ್ದ ಹಪ್ಪಳದ ಹಿಟ್ಟನ್ನು ಉಗುರಿನಲ್ಲಿ ಕೆರೆದು ತೆಗೆಯುತ್ತ ಅತ್ತೆ. ಅಮ್ಮ ಬಂದು ಹಪ್ಪಳ ಯಾಕೆ ಮಡಚಿದೆ ಎಂದು ಬೈದಳು. ಬೈಸಿಕೊಂಡೆ.

ಮಾರನೆಯ ದಿನವೇ ನಿಮ್ಮ ಕಾರ್ಡು ಬಂತು. ನಿನ್ನೆ ಸರ್ವರ್ ಬೀ ನನ್ನನ್ನು ನೋಡಲು ಬಂದರು. ಪಟ್ಟಿಯನ್ನು ಕೈಗೆ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನಕ್ಕರು. “ಇದರಲ್ಲಿ ಬಾಗಿಲು ಮಾಡಿದ್ನಾ ನಿನ್ನ ಗಂಡ? ಅಯ್ಯೋ ಬೇಟಿ, ಇದು ಪ್ಯಾಟರ್ನ್ ಶಾಪಿನ ಪಟ್ಟಿ. ಉಕ್ಕು ಕಾದಾಗ ಹಿಗ್ಗಿರ್ತದೆ, ಆರಿದ ಮೇಲೆ ಕುಗ್ತದೆ. ಅದಕ್ಕೇ ಮರದ ಮಾದರಿ ಮೊದಲೇ ದೊಡ್ಡದಾಗಿ ಮಾಡ್ಬೇಕು. ಅಡಿಗೆ ಕಾಲಿಂಚು ಜಾಸ್ತಿ ಇಟ್ಟೇ ಈ ಪಟ್ಟಿ ಮಾಡಿರ್ತಾರೆ. ಇದರಲ್ಲಿ ಅಳೆದ್ರೆ ಲೆಕ್ಕ ಹಾಕೋ ತಲೆನೋವಿಲ್ಲ” ಎಂದರು. ಮೇಲಿದ್ದ ಗುರುತೆಲ್ಲ ಸವೆದುಹೋಗಿದೆ, ನೋಡಿದವರಿಗೆ ಮಾಮೂಲಿ ಪಟ್ಟಿಯೇ. ನೀವೂ ಮಾಮೂಲಿ ಎಂದೇ ತಿಳಿದು ಅಳೆದಿರಿ. ಅಂತೂ ಕದ ಉಕ್ಕಿನದಾಗಿದ್ದರೆ ಆರಿದ ಮೇಲೆ ಸರಿಯಾಗಿ ಕೂರುತ್ತಿತ್ತು!

ಅದು ನಿಮ್ಮ ಚೀಲಕ್ಕೆ ಹೇಗೆ ಬಂತು ಎನ್ನುತ್ತೀರೋ? ಕಾರ್ಖಾನೆ ಎಂದರೆ ಸಾವಿರ ಜನ ಓಡಾಡುವ ಜಾಗ. ಯಾರದೋ ಜೊತೆ ಅದಲುಬದಲಾಗಿರಬೇಕು. ಆ ವಿಚಾರ ಬಿಡಿ, ಈಗ ಅದು ಮುಖ್ಯವಲ್ಲ.

ಮುಖ್ಯವಾದದ್ದು ಸರ್ವರ್ ಬೀ ಹೇಳಿದ ಇನ್ನೊಂದು ಮಾತು. ನೀವು ಕೆಲಸ ಬಿಡುತ್ತೀರೆಂದು ಮೇಸ್ತ್ರಿಗೆ ಹೇಳಿದ್ದೀರಂತೆ, ಯಾಕೆಂದು ಮಾತ್ರ ಹೇಳಿಲ್ಲವಂತೆ. ಕದದ ಸುದ್ದಿ ಅವರ ಕಿವಿಗೆ ಬಿದ್ದೇ ಇಲ್ಲ. ಹೇಳಿದ್ದರೆ ಅವರು ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಕಾರಣ ಕಂಡುಹಿಡಿಯುತ್ತಿದ್ದರು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಕೂತಿರಲ್ಲ, ನಿಮಗೆ ಏನು ಹೇಳಲಿ ಮಾರಾಯರೇ? ಪೀರ್ ಬಾಷಾ ಆವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ತಟ್ಟೆ ಮುಂದೆ ಕೂತು, “ಓದಿದ ಹುಡುಗ್ರು ಎಷ್ಟೋ ಜನ ಬಂದ್ರು. ಡ್ರಾಯಿಂಗ್ ನೋಡೋರು ಮರ ನೋಡಲ್ಲ, ಮರ ನೋಡೋರಿಗೆ ಡ್ರಾಯಿಂಗ್ ಬರಲ್ಲ. ಎರಡೂ ನೋಡೋನು ಇವನೊಬ್ನೇ ಸಿಕ್ಕಿದ್ದ” ಎನ್ನುತ್ತಾರಂತೆ. ಡ್ರಾಯಿಂಗಿನ ಇಂಗ್ಲಿಷು ಅಕ್ಷರವನ್ನು ನೀವು ಅವರಿಗೆ ಓದಿ ಹೇಳುತ್ತೀರಿ, ಅದನ್ನು ಮರಕ್ಕೆ ಇಳಿಸುವುದನ್ನು ಅವರು ನಿಮಗೆ ತೋರಿಸುತ್ತಾರೆ. ನಿಮ್ಮಿಬ್ಬರಲ್ಲಿ ಯಾರಿಗೆ ಯಾರು ಗುರುವೋ ನನಗೆ ಇವತ್ತಿಗೂ ತಿಳಿದಿಲ್ಲ. ಮೂರು ವರ್ಷದ ಅಪ್ರೆಂಟಿಸಿನಲ್ಲಿ ಎರಡು ವರ್ಷ ನಾಲ್ಕು ತಿಂಗಳು ಆಗಿದೆ. ಉಳಿದ ಎಂಟು ತಿಂಗಳಿಗೆ ಅದನ್ನೆಲ್ಲ ಬಿಸಾಡಿ ಬಂದು ಏಕಾಂತಪ್ಪನವರ ಅಂಗಡಿಯಲ್ಲಿ ಸೀರೆ ಬಿಡಿಸುತ್ತ ಕೂರುತ್ತೀರಾ? ಅದೂ ಈ ಪಟ್ಟಿ ಹಿಡಿದು ಬಂದರೆ ಗಿರಾಕಿಗಳೆಲ್ಲ ನಿಮ್ಮ ಹತ್ತಿರವೇ ಸಾಲು ನಿಲ್ಲುತ್ತಾರೆ, ಏಕಾಂತಪ್ಪನವರು ದೀಪಾವಳಿಯ ಹೊತ್ತಿಗೆ ಅಂಗಡಿ ಮುಚ್ಚುತ್ತಾರೆ.

ಅಪ್ಪನ ಸಮಾಚಾರ ಕೊನೆಗೆ ಇಟ್ಟುಕೊಂಡಿದ್ದೆ. ಸರ್ವರ್ ಬೀ ಮಾತಾಡುವಾಗ ಅವರು ಒಳಗೆ ಪಂಚಾಂಗ ನೋಡುತ್ತಿದ್ದರು. ಪುಟ ತಿರುಗುವ ಸದ್ದು ನಿಂತಿತು. ಹೊರಗೆ ಬಂದು, “ಉಕ್ಕು ಆರಿದ್ರೆ ಕುಗ್ಗುತ್ತೇನಮ್ಮಾ?” ಎಂದು ಕೇಳಿದರು. “ಹೌದು ಸ್ವಾಮೀ” ಎಂದರು ಸರ್ವರ್ ಬೀ. ಅದನ್ನೇ ಎರಡು ಸಲ ಹೇಳಿಸಿದರು. ಆಮೇಲೆ ಒಂದು ಕೈಯಲ್ಲಿ ನಿಮ್ಮ ಪಟ್ಟಿ, ಇನ್ನೊಂದು ಕೈಯಲ್ಲಿ ವಿಮಲಾಳ ಸ್ಕೇಲು ಹಿಡಿದು ಹಿತ್ತಿಲಿಗೆ ಹೋಗಿ ಕದದ ಮುಂದೆ ಮಂಡಿಯೂರಿ ಕೂತರು. ಯಾರನ್ನೂ ಹತ್ತಿರ ಸೇರಿಸಲಿಲ್ಲ. 

ರಾತ್ರಿ ಊಟಕ್ಕೆ ಕೂತಾಗ ನಾನೇ ಅಪ್ಪನನ್ನು ಕೆಣಕಿದೆ. “ನೀವು ಗುರುಗಳ ಮನೆಯಲ್ಲಿ ಹನ್ನೆರಡು ವರ್ಷ ವ್ಯಾಕರಣ ಕಲಿತಿರಲ್ಲ, ಮೊದಲನೆಯ ವರ್ಷ ಏನು ಹೇಳಿಕೊಟ್ಟರು?” ಎಂದು ಕೇಳಿದೆ. ಅಪ್ಪ ಬಹಳ ಹೊತ್ತು ಮಜ್ಜಿಗೆ ಕಲಸಿದರು. “ಮೊದಲ್ನೇ ವರ್ಷ ನೀರು ಹೊತ್ತೆ. ಎರಡ್ನೇ ವರ್ಷ ಗಂಧ ತೇಯ್ದೆ. ಮೂರ್ನೇ ವರ್ಷ ಪುಸ್ತಕ ಬಿಚ್ಚಿದ್ರು” ಎಂದರು. ಕೊನೆಯ ತುತ್ತು ಮುಗಿಸಿ, “ಉಳಿ ಮಸೆಸಿದ್ದು ಸರಿ. ಆ ಮೇಸ್ತ್ರಿ ಆರೇ ತಿಂಗಳಿಗೆ ಬಿಟ್ಟಿದಾನೆ, ನಮ್ಮ ಗುರುಗಳಿಗಿಂತ ದಯಾವಂತ” ಎಂದು ಎದ್ದು ಕೈ ತೊಳೆದರು. ಅಪ್ಪನ ಬಾಯಿಂದ ಇಷ್ಟು ಬಂದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ.

ಇವತ್ತು ಬೆಳಗ್ಗೆ ಎದ್ದವರು ದೇವರಮನೆಯ ಹಳೆಯ ಚೌಕಟ್ಟಿಗೆ ಗೆದ್ದಲು ಹಿಡಿದಿದೆ ಎಂದು ಕಂಡುಹಿಡಿದಿದ್ದಾರೆ. ನಾನೂ ಅಮ್ಮನೂ ದೀಪ ಹಿಡಿದು ನೋಡಿದೆವು, ಒಂದು ಗೆದ್ದಲೂ ಕಾಣಲಿಲ್ಲ. ಆದರೂ ಹೌದು ಹೌದು ಎಂದೆವು. ಅದಕ್ಕೆ ಹೊಸ ಚೌಕಟ್ಟು ಬೇಕಂತೆ. ಅದನ್ನು ನೀವೇ ಮಾಡಬೇಕಂತೆ. ಅದೂ ಇದೇ ಪಟ್ಟಿಯಲ್ಲಿ ಅಳೆದು ಮಾಡಬೇಕಂತೆ. ಅದೇ ಪಟ್ಟಿಯ ನಾಲ್ಕಡಿ ಎರಡಡಿಗೆ ಚೌಕಟ್ಟು ಮಾಡಿದರೆ ಅದೇ ಪಟ್ಟಿಯ ಕದ ಕೂರಲೇಬೇಕಲ್ಲ ಎನ್ನುತ್ತಾರೆ. ಬೇಕಾದಷ್ಟು ಗೋಡೆ ಒಡೆಸುತ್ತಾರಂತೆ. ಗೋಡೆ ಕುಗ್ಗಿತ್ತು ಎಂದು ಒಪ್ಪಿಕೊಂಡಂತೆಯೇ ಆಯಿತಲ್ಲ! ಯುಗಾದಿಗೆ ಕದ ನಿಲ್ಲಬೇಕು ಎಂದಿದ್ದಾರೆ. ನಿಮಗೆ ನೇರವಾಗಿ ಬರೆಯುವುದಕ್ಕೆ ಅವರಿಗೆ ಸಂಕೋಚ. ಅದಕ್ಕೆ “ಅಳಿಯಂದ್ರಿಗೆ ಪುರುಸೊತ್ತಿದ್ರೆ” ಎಂದು ಮೂರು ಸಲ ಹೇಳಿ ನನ್ನ ಕೈಲಿ ಬರೆಸಿದ್ದಾರೆ. ಏಕಾಂತಪ್ಪನವರಿಗೂ ಅವರೇ ಹೋಗಿ ಹೇಳಿ ಬರುತ್ತಾರಂತೆ.

ಆದ್ದರಿಂದ ರಾಜೀನಾಮೆ ಬರೆದಿಟ್ಟಿದ್ದರೆ ಹರಿದು ಒಲೆಗೆ ಹಾಕಿ. ಸೋಮವಾರ ಮಾಮೂಲಿನಂತೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಿ. ಮೇಸ್ತ್ರಿಗೆ ಕದದ ಕಥೆ ಹೇಳಿ, ನಗಲಿ, ನೀವೂ ಜೊತೆಗೆ ನಕ್ಕುಬಿಡಿ. ನಿಮ್ಮ ಕೈಯಲ್ಲಿ ಅಳತೆ ಇದೆ. ಅದು ನನಗೆ ಗೊತ್ತು. ಇಲ್ಲವೆಂದು ಹತ್ತು ಜನರ ಮುಂದೆ ಹೇಳಿದವಳು ನಾನೇ ಆದ್ದರಿಂದ ಇದೆ ಎಂದು ನಾನೇ ಹೇಳಬೇಕು. ನೀವು ಮರದ ಹೊಟ್ಟು ಕಿವಿಯಲ್ಲಿಟ್ಟುಕೊಂಡು ಬಂದು ಪಾಠ ಹೇಳದ ಸಂಜೆ ನನಗೆ ಸಂಜೆ ಅನ್ನಿಸುವುದಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಕಾದದ್ದು ಸಾಕು. ನೀವು ಕರೆಯದಿದ್ದರೂ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಸ್ಟೇಷನ್ನಿಗೆ ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಬಂದರೆ ಒಳ್ಳೆಯದು, ಹಪ್ಪಳದ ಡಬ್ಬ ಭಾರವಿದೆ.

ಅಕ್ಕಿಯ ವಿಚಾರ ಇನ್ನೊಂದು ಸಲ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಡಬ್ಬ ತಳ ಕಂಡಿತೇ?

ಇಂತಿ ನಿಮ್ಮ ಮೇಲೆ ಕೋಪವನ್ನೂ ಪ್ರೀತಿಯನ್ನೂ ಒಟ್ಟಿಗೇ ಇಟ್ಟುಕೊಂಡಿರುವ
ವೇದಾವತಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ, ಮತ್ತೆ ಕೆಟಲಿನ ಆವಿ ಹಿಡಿದು ಬಿಚ್ಚಿ, ಇದನ್ನು ಬರೆಯುತ್ತಿದ್ದೇನೆ. ಪಟ್ಟಿ ಕಾರ್ಖಾನೆಯಲ್ಲಿ ಅದಲುಬದಲಾಯಿತು ಎಂದು ಬರೆದೆನಲ್ಲ, ಅದು ಶುದ್ಧ ಸುಳ್ಳು. ಅಷ್ಟಕ್ಕೇ ಬಿಟ್ಟರೆ ನಿಮ್ಮ ಕೈಯನ್ನು ನಂಬಿದರೂ ನಿಮ್ಮ ಕಣ್ಣನ್ನು ನೀವು ನಂಬುವುದಿಲ್ಲ, ಚೀಲದಲ್ಲಿದ್ದ ಪಟ್ಟಿಯನ್ನೇ ಗುರುತಿಸಲಿಲ್ಲ ಎಂದು ಮತ್ತೆ ರಾಜೀನಾಮೆ ಬರೆಯಲು ಕೂರುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ಸಂಕ್ರಾಂತಿಯ ಮಾರನೆಯ ದಿನ ಬಚ್ಚಲ ಒಲೆಗೆ ಸೌದೆ ತಳ್ಳಲು ಕೋಲು ಸಿಗದೆ, ಕೈಗೆ ಸಿಕ್ಕಿದ ನಿಮ್ಮ ಅಡಿಪಟ್ಟಿಯಿಂದ ತಳ್ಳಿದೆ. ಕೈಯಲ್ಲಿ ಕಥೆಯ ಪುಸ್ತಕ ಇತ್ತು. ಪುಟ ಮುಗಿಯುವ ಹೊತ್ತಿಗೆ ಪಟ್ಟಿ ಅರ್ಧವೇ ಇತ್ತು. ನಿಮ್ಮ ಮೊದಲ ಸ್ಟೈಪೆಂಡಿನಲ್ಲಿ ಕೊಂಡದ್ದು ಅದು. ಹೆದರಿ ಸರ್ವರ್ ಬೀ ಹತ್ತಿರ ಓಡಿ, ಸೊಳ್ಳೆಪರದೆ ಕಟ್ಟಲು ಒಂದು ಮರದ ಪಟ್ಟಿ ಇದ್ದರೆ ಕೊಡಿ ಎಂದೆ. ಅವರು ಅಟ್ಟದ ಮೇಲಿನಿಂದ ಮೇಸ್ತ್ರಿಯ ಹಳೆಯ ಪಟ್ಟಿ ತೆಗೆದುಕೊಟ್ಟರು. ನೋಡಲು ನಿಮ್ಮದರ ಹಾಗೇ ಇತ್ತು, ತಂದು ಚೀಲಕ್ಕೆ ಹಾಕಿದೆ. ಅಂದಮೇಲೆ ರಥಸಪ್ತಮಿಯ ದಿನ ನಾನಾಡಿದ ಮಾತು ನಿಜವಾಗಿ ಯಾರಿಗೆ ಸಲ್ಲಬೇಕಿತ್ತೆಂದು ನಿಮಗೀಗ ತಿಳಿಯಿತು. ಅಪ್ಪನಿಗೆ ಮಾತ್ರ ದಯವಿಟ್ಟು ಹೇಳಬೇಡಿ.

ಇದನ್ನೂ ನಂಬದಿದ್ದರೆ ಸಾಕ್ಷಿ ಮನೆಯಲ್ಲೇ ಇದೆ. ಆವತ್ತು ನಿಮ್ಮ ಸೈಕಲ್ಲಿನ ಬೆಲ್ ಕೇಳಿ, ಸುಟ್ಟ ತುಂಡನ್ನು ಅಕ್ಕಿ ಡಬ್ಬದ ತಳಕ್ಕೆ ತುರುಕಿದ್ದೆ. ಅದು ಈಗಲೂ ಅಲ್ಲೇ ಇದೆ. ದಿನಾ ಎರಡು ಹೊತ್ತು ಅನ್ನ ಮಾಡಿಕೊಂಡವರಿಗೆ ಐದು ವಾರದಲ್ಲಿ ಅದು ಯಾವತ್ತೋ ಕೈಗೆ ಸಿಕ್ಕಿ, ನನಗೆ ಬೈದು ಕಾಗದ ಬರಬೇಕಿತ್ತು. ಬರಲಿಲ್ಲ ಎಂದರೆ ನೀವು ಒಂದು ದಿನವೂ ಆ ಡಬ್ಬ ತೆಗೆದಿಲ್ಲ, ಐದು ವಾರವೂ ಹೋಟೆಲಿನ ಇಡ್ಲಿಯಲ್ಲೇ ಇದ್ದೀರಿ. ನಿಮ್ಮ ಸುಳ್ಳೂ ನನ್ನ ಸುಳ್ಳೂ ಒಂದೇ ಡಬ್ಬದಲ್ಲಿ ಸಿಕ್ಕಿದವು. ಡಬ್ಬವನ್ನು ನೀವು ಮುಟ್ಟಬೇಡಿ, ಭಾನುವಾರ ಬಂದು ನಾನೇ ತೆಗೆದು ಅನ್ನಕ್ಕಿಡುತ್ತೇನೆ.

— ವೇ.